ಸಂಬಳವಿಲ್ಲದ ಬಾನುಲಿ

ಬಾನುಲಿಯ ಉದ್ಯೋಗ ಹಿಡಿಯಬೇಕೆಂದು ಹಂಬಲಿಸುವ ತರುಣರು ನಮ್ಮಲ್ಲಿ ಮೊದಲು ವಿಚಾರಿಸುವುದು ಅರ್ಜಿಯ ನಮೂನೆಯನ್ನು. ಇಂಗ್ಲೆಂಡಿನಲ್ಲಿ ಆ ಉದ್ಯೋಗಕ್ಕೆ ಇನ್ನೊಂದು ಕಾಲುದಾರಿಯುಂಟು. ಅದು ಆಸ್ಪತ್ರೆಯೊಳಗಿನಿಂದ ಹಾಯ್ದು ಹೋಗುತ್ತದೆ. ೧೯೨೫ರಲ್ಲಿ ಯಾರ್ಕ್ ನಗರದ ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆಯವರೆಗೆ ತಂತಿ ಎಳೆದು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನುಗಳನ್ನು ಕೊಟ್ಟರು. ಮುಂದೆ ಎಷ್ಟೋ ಊರುಗಳ ಆಸ್ಪತ್ರೆಗಳಲ್ಲಿ ಇಂಥ ಪುಟ್ಟ ಕೇಂದ್ರಗಳಾದವು. ನಡೆಸುವವರು ಕಾಸಿನ ಆಸೆಯಿಲ್ಲದ ಊರ ಜನ. ಹಗಲೆಲ್ಲ ತಮ್ಮ ಕಸುಬು ಮುಗಿಸಿ, ಸಂಜೆ ವಾರ್ಡುಗಳಲ್ಲಿ ಸುತ್ತಿ, ಯಾರಿಗೆ ಯಾವ ಹಾಡು ಬೇಕೆಂದು ಬರೆದುಕೊಂಡು, ಆಮೇಲೆ ಅವರ ಹೆಸರು ಹೇಳಿ ಆ ಹಾಡು ಹಾಕುವುದು ಅವರ ಪದ್ಧತಿ. ಬಿ.ಬಿ.ಸಿ.ಯಲ್ಲಿ ದಶಕಗಳ ಕಾಲ ಮನೆಮಾತಾಗಿದ್ದ ಕೆನ್ ಬ್ರೂಸ್ ಗ್ಲಾಸ್ಗೋ ನಗರದ ಆಸ್ಪತ್ರೆ ಬಾನುಲಿಯಲ್ಲಿ ನಾಲಗೆ ಪಳಗಿಸಿಕೊಂಡವರು.

ಈ ಆಸ್ಪತ್ರೆ ಬಾನುಲಿ ನಮ್ಮ ಸೀಮೆಯಲ್ಲಿ ಬೇರೂರಲಿಲ್ಲ. ಆದರೆ ಸಂಬಳವಿಲ್ಲದ ಬಾನುಲಿ ನಮಗೆ ಹೊಸತೇನೂ ಅಲ್ಲ. ಕನ್ನಡ ನಾಡಿನ ಬಾನುಲಿ ಮಾತು ಕಲಿತದ್ದೇ ಹಾಗೆ. ಅದನ್ನು ನಾವು ಮರೆತಿದ್ದೇವೆ ಎಂಬುದೇ ನನ್ನ ಕೊರಗು.

ನೆರೆಯ ಮದರಾಸಿನಲ್ಲಿ ೧೯೨೪ರಲ್ಲೇ ಹವ್ಯಾಸಿಗಳು ಒಂದು ರೇಡಿಯೋ ಕ್ಲಬ್ಬು ಕಟ್ಟಿ, ಮೂರು ವರ್ಷ ನಡೆಸಿ, ಹಣ ಸಾಲದೆ ಕೈಬಿಟ್ಟಿದ್ದರು. ಮೈಸೂರಿನ ಸರದಿ ಬಂದದ್ದು ೧೯೩೫ರ ಸೆಪ್ಟೆಂಬರ್ ೧೦ರಂದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ॥ ಎಂ. ವಿ. ಗೋಪಾಲಸ್ವಾಮಿಯವರು ‘ವಿಠ್ಠಲ ವಿಹಾರ’ ಎಂಬ ತಮ್ಮ ಮನೆಯಲ್ಲೇ ಪ್ರೇಷಕ ಯಂತ್ರವೊಂದನ್ನು ಇಟ್ಟು ಬಿತ್ತರ ಆರಂಭಿಸಿದರು. ಆ ಯಂತ್ರದ ಶಕ್ತಿ ನಡುಮನೆಯ ಒಂದು ವಿದ್ಯುದ್ದೀಪದಷ್ಟು! ಇನ್ನೂರೈವತ್ತು ವ್ಯಾಟಿನದು ಬಂದದ್ದು ಆಮೇಲೆ. ದೆಹಲಿಯ ಸರ್ಕಾರ ತನ್ನ ಬಿತ್ತರ ಸೇವೆಗೆ ‘ಆಲ್ ಇಂಡಿಯಾ ರೇಡಿಯೋ’ ಎಂದು ಹೆಸರಿಟ್ಟದ್ದು ೧೯೩೬ರ ಜೂನ್ ತಿಂಗಳಲ್ಲಿ ಎಂಬುದನ್ನು ನೆನೆದರೆ ನಮ್ಮ ಪ್ರಾಧ್ಯಾಪಕರ ಸಾಹಸ ಎಷ್ಟು ಮುಂಚಿನದೆಂದು ತಿಳಿಯುತ್ತದೆ. ‘ಆಕಾಶವಾಣಿ’ ಎಂಬ ಹೆಸರು ಹೊಳೆದದ್ದು ಹಾಸ್ಯಸಾಹಿತಿ ನಾ. ಕಸ್ತೂರಿಯವರಿಗೆ ಎನ್ನುತ್ತಾರೆ. ಮನೆಯೊಂದರಲ್ಲಿ ಮೊಳಗಿದ ಆ ಹೆಸರನ್ನು ೧೯೫೦ರ ದಶಕದಲ್ಲಿ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು.

ಈ ಕೆಲಸಕ್ಕೆ ಹಣ ಎಲ್ಲಿಂದ ಬಂತು? ಬಹುಮಟ್ಟಿಗೆ ಪ್ರಾಧ್ಯಾಪಕರ ಜೇಬಿನಿಂದಲೇ. ಸಂಸ್ಥಾನದ ಸರ್ಕಾರ ಅದನ್ನು ಕೈಗೆತ್ತಿಕೊಂಡದ್ದು ೧೯೪೦ರ ದಶಕದ ಮೊದಲಲ್ಲಿ. ಆ ಕಾಲದ ಬಿತ್ತರವೆಂದರೆ ಬಾಯಿಂದ ಹೊರಟದ್ದು ಹೊರಟೇಹೋಯಿತು. ಧ್ವನಿಮುದ್ರಿಸಿ, ತಿದ್ದಿ, ಕತ್ತರಿಸಿ ಹಾಕುವ ಸೌಕರ್ಯವಿಲ್ಲ. ಕೆಮ್ಮು ಬಂದರೆ ಕೆಮ್ಮೂ ಊರಿಗೆಲ್ಲ ಕೇಳಿಸುತ್ತದೆ. ಹಾಳೆ ತಿರುವಿದ ಸದ್ದು ಮಳೆ ಸುರಿದಂತೆ ಕೇಳಿಸುತ್ತದೆ. ಸಾವಿರ ಜನರ ಸಭೆಗೆ ಕೂಗಿ ಅಭ್ಯಾಸವಾದ ಪಂಡಿತರು ಮೈಕಿನ ಮುಂದೆ ತಮ್ಮ ಗಂಟಲನ್ನು ಪಡಸಾಲೆಯ ಮಟ್ಟಕ್ಕೆ ಇಳಿಸಬೇಕಾಗುತ್ತಿತ್ತು. ಕೇಳುವವನು ಸಭೆಯಲ್ಲ, ಪೆಟ್ಟಿಗೆಯ ಪಕ್ಕ ಕುಳಿತ ಒಬ್ಬನೇ ಮನುಷ್ಯ. ಯಾರ್ಕಿನ ರೋಗಿಯ ವಿಷಯವೂ ಇದೇ ತಾನೆ? ಈ ವಿದ್ಯೆಯನ್ನು ಯಾವ ಶಾಲೆಯಲ್ಲೂ ಹೇಳಿಕೊಡುತ್ತಿರಲಿಲ್ಲ. ಬಿಟ್ಟಿ ದುಡಿದು, ತಪ್ಪಿ, ಕಲಿಯಬೇಕಿತ್ತು. ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನವರಾದ ಎ. ಎನ್. ಮೂರ್ತಿರಾಯರು ಮೈಸೂರಿನ ಆಕಾಶವಾಣಿಯಲ್ಲಿ ಕೆಲಕಾಲ ದುಡಿದವರು. ಅವರ ಪ್ರಬಂಧಗಳ ಹರಟೆಯ ಧಾಟಿಗೂ ಮೈಕಿಗೂ ಏನೋ ಒಳನಂಟು ಇರಬೇಕೆಂದು ನನಗೆ ಅನ್ನಿಸುತ್ತದೆ.

ಅಂದಿಗೆ ಮಂಡ್ಯ ಇನ್ನೂ ಮೈಸೂರು ಜಿಲ್ಲೆಯೊಳಗಿನದೇ; ಬೇರೆ ಜಿಲ್ಲೆಯಾದದ್ದು ೧೯೩೯ರಲ್ಲಿ. ಹೊಸ ನಾಲೆಯ ನೀರು, ಹೊಸ ಸಕ್ಕರೆ ಕಾರ್ಖಾನೆ, ಹೊಸ ರೊಕ್ಕ. ಆದರೂ ನಮ್ಮವರಿಗೆ ಬಾನುಲಿ ಬಹುದಿನ ದೂರದ ನಂಟನೇ. ಇದರಲ್ಲೊಂದು ವಿಪರ್ಯಾಸವುಂಟು. ಮೈಸೂರು ನಗರಕ್ಕೆ ಆಗ ವಿದ್ಯುತ್ತು ಬರುತ್ತಿದ್ದದ್ದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ. ೧೯೦೨ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತೊಂಬತ್ತು ಮೈಲಿ ತಂತಿ ಎಳೆದಿದ್ದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಬೆಳಗಿತು. ಆದರೆ ಧುಮ್ಮಿಕ್ಕುವ ಕಾವೇರಿಯ ಸದ್ದು ಕೇಳುವ ಹಳ್ಳಿಗಳಲ್ಲಿ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯೇ ಗತಿ. ಸುದ್ದಿ ಎಂದರೆ ಸಂತೆಯಿಂದ ಬಂದದ್ದು, ಇಲ್ಲವೆ ತಮಟೆ ಬಡಿದು ಡಂಗುರ ಸಾರಿದ್ದು.

ಟ್ರಾನ್ಸಿಸ್ಟರ್ ಬಂದ ಮೇಲೆ ಬಾನುಲಿ ನೇಗಿಲ ಸಾಲಿಗೂ ಬಂತು. ೧೯೬೦ರ ದಶಕದಲ್ಲಿ ಸಾಂದ್ರ ಬೇಸಾಯ ಯೋಜನೆಗೆ ದೇಶದಲ್ಲಿ ಆರಿಸಿದ ಕೆಲವೇ ಜಿಲ್ಲೆಗಳಲ್ಲಿ ಮಂಡ್ಯವೂ ಒಂದು; ಗೊಬ್ಬರ, ಬಿತ್ತನೆಗಳ ಮಾತು ಬಾನುಲಿಯಲ್ಲಿ ಕೇಳಿಬರುತ್ತಿತ್ತು. ಆದರೆ ಅಷ್ಟರಲ್ಲಿ ಧ್ವನಿ ದೂರ ಹೋಗಿತ್ತು. ೧೯೫೦ರಲ್ಲಿ ಕೇಂದ್ರ ಸರ್ಕಾರದ ವಶವಾದ ಮೈಸೂರು ನಿಲಯ ೧೯೫೫ರ ನವೆಂಬರಿನಲ್ಲಿ ಬೆಂಗಳೂರಿಗೆ ವರ್ಗವಾಯಿತು. ಮೈಸೂರಿಗೆ ಅದು ಮರಳಿದ್ದು ೧೯೭೪ರ ನವೆಂಬರಿನಲ್ಲಿ, ಹತ್ತೊಂಬತ್ತು ವರ್ಷಗಳ ವನವಾಸದ ಬಳಿಕ. ಪಾಂಡವರೂ ಅಷ್ಟು ದಿನ ಹೊರಗಿರಲಿಲ್ಲ!

ಆ ನಡುವಿನ ವರ್ಷಗಳಲ್ಲಿ ಮದ್ದೂರಿನ ನನ್ನ ಸೋದರಮಾವ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ಶಾಲೆಯ ಮೇಷ್ಟರು, ಬಾಯಿ ಸುಮ್ಮನಿರದು. ಬುತ್ತಿ ಒಯ್ಯುವ ಕೆಲಸ ನನ್ನದು. ವಾರ್ಡಿನಲ್ಲಿ ಯಾರದೋ ಒಂದು ಟ್ರಾನ್ಸಿಸ್ಟರ್ ಇತ್ತು. ಬೆಂಗಳೂರಿನ ವಾರ್ತೆಯನ್ನು ಎಲ್ಲರೂ ಮರ್ಯಾದೆಯಿಂದ ಕೇಳುತ್ತಿದ್ದರು, ನಿದ್ದೆಗೂ ಜಾರುತ್ತಿದ್ದರು. ಅದು ಮುಗಿದ ಮೇಲೆ ಮಾವ ದಿಂಬಿಗೆ ಒರಗಿ ಪತ್ರಿಕೆ ಬಿಡಿಸಿದರೆ ಇಡೀ ವಾರ್ಡು ಎದ್ದು ಕೂರುತ್ತಿತ್ತು. ಮೂಲೆಯ ಹಾಸಿಗೆಯ ಮುದುಕನದು ದಿನಕ್ಕೊಂದೇ ಪ್ರಶ್ನೆ: “ಮೇಷ್ಟ್ರೇ, ನಾಲೆಗೆ ನೀರ್ ಬುಟ್ರಾ? ಅದ ನೋಡೇಳಿ ಮೊದ್ಲು.” ಪತ್ರಿಕೆಯಲ್ಲಿ ಅದು ಇರದಿದ್ದರೆ ಮಾವ ರೋಗಿಗಳನ್ನು ನೋಡಲು ಬಂದವರನ್ನು ವಿಚಾರಿಸಿ, ಗದ್ದೆಯ ಸುದ್ದಿ, ಬೆಲ್ಲದ ಧಾರಣೆ, ಯಾರ ಮನೆಯಲ್ಲಿ ಹಸು ಕರು ಹಾಕಿತು ಎಂಬುದನ್ನೆಲ್ಲ ಸೇರಿಸಿ ಮರುದಿನ ಹೇಳುತ್ತಿದ್ದರು. ನರ್ಸಮ್ಮ ಒಮ್ಮೆ ಗದರಿಸಿದವರು, ಆಮೇಲೆ ತಾವೂ ಬಾಗಿಲಲ್ಲಿ ನಿಂತು ಕೇಳತೊಡಗಿದರು. ಯಾರ್ಕಿನ ಹೆಸರನ್ನೇ ಕೇಳದ ಮನುಷ್ಯ ಯಾರ್ಕಿನ ಕೆಲಸವನ್ನು ತಂತಿಯಿಲ್ಲದೆ ಮಾಡುತ್ತಿದ್ದರು.

ಬಾನುಲಿ ಸರ್ಕಾರದ್ದಾದದ್ದು ತಪ್ಪೆಂದು ನಾನು ಹೇಳುವವನಲ್ಲ. ಒಳ್ಳೆಯ ಸಂಗೀತ, ಒಳ್ಳೆಯ ನಾಟಕ ಬಡವನ ಮನೆಗೆ ಬಂದದ್ದು ಆ ದಾರಿಯಿಂದಲೇ. ಕಲಾವಿದರಿಗೆ ನಾಲ್ಕು ಕಾಸು ಹುಟ್ಟಿದ್ದೂ ಹೌದು. ಆದರೆ ಏಣಿಯ ಕೆಳಗಿನ ಮೆಟ್ಟಿಲು ಮಾಯವಾಯಿತು. ಮನೆಯ ಬಾಗಿಲಿದ್ದ ಕಡೆ ಧ್ವನಿಪರೀಕ್ಷೆಯ ಬಾಗಿಲು ಬಂತು. ಪರೀಕ್ಷೆ ಕಂಠವನ್ನು ಅಳೆದೀತು. ಹಾಸಿಗೆ ಹಿಡಿದವನೊಬ್ಬನಿಗೆ ಏನು ಹೇಳಿದರೆ ಹಿತವಾಗುತ್ತದೆಂದು ಕಲಿಸೀತೆ? ಕಲಿಯುವವನಿಗೆ ತಪ್ಪು ಮಾಡಲು ಒಂದು ಜಾಗ ಬೇಕಲ್ಲವೆ?

ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ತೀರ್ಪಿತ್ತಿತು. ೨೦೦೬ರ ನೀತಿಯಿಂದ ಊರಿನ ಸಂಘಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಲು ಅವಕಾಶವಾಯಿತು. ಅದಕ್ಕೂ ಮುಂಚೆಯೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಒಂದು ಪ್ರಯೋಗ ನಡೆದಿತ್ತು. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಆ ಹಳ್ಳಿಯಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರ ತೆರೆದು, ಸ್ವಸಹಾಯ ಸಂಘಗಳ ಹೆಂಗಸರು ತಾವೇ ಮೈಕು ಹಿಡಿದರು. ಗಾಳಿಯಲ್ಲಿ ಬಿತ್ತರಿಸಲು ಅವರಿಗೆ ಪರವಾನಗಿ ಸಿಕ್ಕುವಂತಿರಲಿಲ್ಲ. ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಧ್ವನಿ ಮುಟ್ಟಿಸಿದರು. ಶಿವನಸಮುದ್ರದ ತಂತಿ ಒಂದು ಶತಮಾನದ ಹಿಂದೆ ಬೆಳಕು ಹೊತ್ತೊಯ್ದದ್ದು ಆ ಸೀಮೆಗೇ. ಮಂಡ್ಯ, ಮದ್ದೂರು, ಮಳವಳ್ಳಿಗಳ ಆಸ್ಪತ್ರೆಗಳ ವಾರ್ಡುಗಳು ಒಂದು ಹಳ್ಳಿಗಿಂತ ಚಿಕ್ಕವು. ಒಂದು ಕೋಣೆ, ಒಂದು ಮೈಕು, ಹಾಸಿಗೆಯವರೆಗೆ ತಂತಿ, ಸಂಜೆಗೆ ಇಬ್ಬರು ಕಾಲೇಜು ಹುಡುಗರು; ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂದು ವಿಚಾರಿಸಿ ಬರಲು ಇನ್ನೊಬ್ಬ.