ಬೆರಳಿನ ಮಾತು ಕೇಳುವ ಟರ್ನ್‌ಟೇಬಲ್
ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2, ಜಪಾನ್, 1979

ಮನೆಯಲ್ಲಿ ಕೂತು ಸಂಗೀತ ಕೇಳುವವರಿಗೆಂದು ಮತ್ಸುಶಿತಾ ಕಂಪನಿ ಟೆಕ್ನಿಕ್ಸ್ ಹೆಸರಿನಲ್ಲಿ 1972ರಲ್ಲಿ ತಂದ ಯಂತ್ರದ ಸುಧಾರಿತ ರೂಪವಿದು. ಇದಕ್ಕೆ ಬೆಲ್ಟ್ ಇಲ್ಲ. ಮೋಟಾರು ನೇರವಾಗಿ ತಟ್ಟೆಯನ್ನೇ ತಿರುಗಿಸುತ್ತದೆ. ಬೆಲ್ಟಿನ ಯಂತ್ರ ಕೈಯಿಂದ ತಡೆದರೆ ಸೋಲುತ್ತದೆ, ಮತ್ತೆ ವೇಗ ಹಿಡಿಯಲು ತಡವರಿಸುತ್ತದೆ. ಇದು ನಿಂತಲ್ಲಿಂದ 0.7 ಸೆಕೆಂಡಿನಲ್ಲಿ ಪೂರ್ಣ ವೇಗಕ್ಕೆ ಬರುತ್ತದೆ. ಡಿಜೆಗಳು ಇದನ್ನೇ ಆರಿಸಿಕೊಂಡದ್ದು ಮುಖ್ಯವಾಗಿ ಈ ಬಲಕ್ಕಾಗಿ.

ಬಲಬದಿಯ ಪಿಚ್ ಸ್ಲೈಡರ್ ವೇಗವನ್ನು ಶೇ. 8ರವರೆಗೆ ಏರಿಸುತ್ತದೆ, ಇಳಿಸುತ್ತದೆ. ಎರಡು ಹಾಡುಗಳ ತಾಳ ಕೂಡಿಸುವುದು ಇದರಿಂದ.

ಹೊಂದಿಸುವಾಗ ತಾಳ್ಮೆ ಬೇಕು. ಹಿಂಬದಿಯ ತೂಕದ ಬಿಲ್ಲೆಯನ್ನು ಮೆಲ್ಲಗೆ ತಿರುಗಿಸುತ್ತ, ಮುಳ್ಳಿನ ತೋಳು ತಕ್ಕಡಿಯ ದಂಡದಂತೆ ಗಾಳಿಯಲ್ಲಿ ಸಮನಾಗಿ ನಿಲ್ಲುವಂತೆ ಮಾಡಬೇಕು. ಆಮೇಲೆ ಮುಳ್ಳು ಕೂತಿರುವ ಕಾರ್ಟ್ರಿಜ್‌ಗೆ ಹೇಳಿದಷ್ಟೇ ಗ್ರಾಂ ಭಾರ ಕೊಡಬೇಕು. ಭಾರ ಕಡಿಮೆಯಾದರೆ ಮುಳ್ಳು ಗೆರೆ ಬಿಟ್ಟು ಹಾರುತ್ತದೆ. ಹೆಚ್ಚಾದರೆ ರೆಕಾರ್ಡು ಬೇಗ ಸವೆಯುತ್ತದೆ.

ರಬ್ಬರ್ ಹಾಸಿನ ಜಾಗದಲ್ಲಿರುವ ಫೆಲ್ಟ್ ಬಟ್ಟೆಯನ್ನು ನೋಡದೆ ಮುಂದೆ ಹೋಗಬೇಡಿ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಫೆಲ್ಟಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಗಟ್ಟಿಯಾಗಿಸಿ ಬಳಸಿದರು. ಕೆಳಗೆ ತಟ್ಟೆ ತಿರುಗುತ್ತಲೇ ಇರುತ್ತದೆ. ಮೇಲಿನ ರೆಕಾರ್ಡು ಮಾತ್ರ ಬೆರಳು ಹೇಳಿದಲ್ಲಿ ನಿಲ್ಲುತ್ತದೆ.