ಕಬ್ಬಿಣದ ಹಗೇವು

ಅಸೂಟಿ, ರೋಣ, ನರಗುಂದದ ಕಡೆಯ ಹಿರಿಯರಿಗೆ ಹಗೇವು ಹೊಸ ಮಾತಲ್ಲ. ಬಾಯಿ ಕಿರಿದು, ಒಡಲು ವಿಶಾಲ. ನೆಲದೊಳಗಿನ ಆ ಪೊಳ್ಳನ್ನು ಬರಿದಾಗಿ ಕಂಡವನೂ ಅದು ಕಾಳು ಕೂಡಿಡುವ ತಾಣವೆಂದು ಊಹಿಸಬಲ್ಲನು. ಆಕಾರದಿಂದ ಕೆಲಸವನ್ನು ಊಹಿಸುವ ಈ ವಿವೇಕವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳ ಪ್ರೋಟೀನುಗಳ ವಿಷಯದಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಆಹಾರವಿಲ್ಲದೆ ಸೊರಗಿದ ಈ. ಕೋಲಿ ಬ್ಯಾಕ್ಟೀರಿಯದಲ್ಲಿ ಒಂದು ಪ್ರೋಟೀನು ಹೇರಳವಾಗಿ ತಯಾರಾಗುವುದನ್ನು 1992ರಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದರು. ಅದು ಡಿ.ಎನ್.ಎ.ಯನ್ನು ಅಪ್ಪಿಕೊಳ್ಳುತ್ತಿತ್ತು. ಆದ್ದರಿಂದ ಅದಕ್ಕೆ 'ಡಿಪಿಎಸ್' ಎಂದು ಹೆಸರಿಟ್ಟರು. ಉಪವಾಸಬಿದ್ದ ಕೋಶಗಳ ಡಿ.ಎನ್.ಎ. ಬಂಧಕ ಪ್ರೋಟೀನು ಎಂದು ಅದರ ಅರ್ಥ. ಹೆಸರಿನಲ್ಲಿ ಲೋಹದ ಸುಳಿವೇ ಇಲ್ಲ. 1998ರಲ್ಲಿ ಅದರ ಹರಳಿನ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ರಚನೆಯನ್ನು ಬಿಡಿಸಿದಾಗ ಕಂಡುದು ಬೇರೆಯೇ ಚಿತ್ರ: ಹನ್ನೆರಡು ಘಟಕಗಳು ಸೇರಿ ಕಟ್ಟಿದ ಪೊಳ್ಳು ಗೋಳ! ನಮ್ಮ ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ, ಇಪ್ಪತ್ತನಾಲ್ಕು ಘಟಕಗಳ ಫೆರಿಟಿನ್ನಿಗೆ ಇದು ದಾಯಾದಿಯಾಗಿತ್ತು. ಹಾಗಾದರೆ ಇದಕ್ಕೂ ಕಬ್ಬಿಣಕ್ಕೂ ಸಂಬಂಧವಿರಬೇಕು ಎಂಬ ಊಹೆ ಹುಟ್ಟಿತು.

ಊಹೆ ಸರಿ, ಆದರೆ ಹೋಲಿಕೆಯನ್ನು ಅತಿಯಾಗಿ ನಂಬುವಂತಿರಲಿಲ್ಲ. ಫೆರಿಟಿನ್ನಿನಲ್ಲಿ ಕಬ್ಬಿಣ ಕೂರುವ ನೆಲೆ ಘಟಕದ ಒಡಲೊಳಗೇ ಇದೆ. ಇಲ್ಲಿ ಅದು ಎರಡು ಘಟಕಗಳು ಕೂಡುವ ಸಂದಿಯಲ್ಲಿದೆ ಎಂಬುದನ್ನು 2000ದಲ್ಲಿ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯದ ಪ್ರೋಟೀನು ತೋರಿಸಿಕೊಟ್ಟಿತು. ಬಿಡಿ ಕಬ್ಬಿಣವೂ ಹೈಡ್ರೋಜನ್ ಪೆರಾಕ್ಸೈಡೂ ಸೇರಿದರೆ ಡಿ.ಎನ್.ಎ.ಯನ್ನು ಕಡಿದುಹಾಕುವ ಉಗ್ರ ಕಣಗಳು ಹುಟ್ಟುತ್ತವೆ. ಡಿಪಿಎಸ್ ಆ ಎರಡನ್ನೂ ಒಂದರಿಂದೊಂದು ತೀರಿಸಿ, ಕಬ್ಬಿಣವನ್ನು ತನ್ನ ಪೊಳ್ಳಿನಲ್ಲಿ ಇಟ್ಟುಕೊಳ್ಳುತ್ತದೆ. 2002ರ ಪ್ರಯೋಗಗಳು ಇದನ್ನು ದೃಢಪಡಿಸಿದವು.

ಇನ್ನು ಬೆಂಗಳೂರಿನ ಮಾತು. ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಅಲ್ಲಿಯ ಎಂ. ವಿಜಯನ್ ಅವರು ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಜ್‌ಕಿನ್ ಅವರ ತಂಡದಲ್ಲಿದ್ದು, 1969ರಲ್ಲಿ ಸತುವಿನೊಡಗೂಡಿದ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದವರಲ್ಲಿ ಒಬ್ಬರು. ಅದೇ ಸಂಸ್ಥೆಯ ದೀಪಂಕರ್ ಚಟರ್ಜಿಯವರ ಪ್ರಯೋಗಶಾಲೆ ಕ್ಷಯದ ಬ್ಯಾಕ್ಟೀರಿಯಕ್ಕೆ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನ ಡಿಪಿಎಸ್‌ನಲ್ಲಿ ಒಂದು ವಿಚಿತ್ರವನ್ನು ಕಂಡು 2003ರಲ್ಲಿ ಪ್ರಕಟಿಸಿತು. ಮೂರು ಘಟಕಗಳ ಕೂಟ ಕಬ್ಬಿಣದ ಕೆಲಸವನ್ನಷ್ಟೇ ಮಾಡುತ್ತದೆ, ಡಿ.ಎನ್.ಎ.ಯನ್ನು ಹಿಡಿಯದು, ಹನ್ನೆರಡರ ಗೋಳ ಎರಡನ್ನೂ ಮಾಡುತ್ತದೆ. ಇಬ್ಬರ ತಂಡಗಳೂ ಕೂಡಿ 2004ರಲ್ಲಿ ಮೂರು ಬಗೆಯ ಹರಳುಗಳಿಂದ ರಚನೆಯನ್ನು ಪ್ರಕಟಿಸಿದವು. ಗೋಳವು ಗಟ್ಟಿಯಾದ ತ್ರಿಕೂಟಗಳಿಂದಲೇ ಕಟ್ಟಿದಂತಿತ್ತು. ಡಿ.ಎನ್.ಎ.ಗೆ ಅಂಟುವ ಬಾಲ ಹೊರಮೈಯಲ್ಲಿತ್ತು. ಕಬ್ಬಿಣದ ನೆಲೆಗಳ ಸುತ್ತ ಬಿಗಿ, ಬಾಲದ ಕಡೆ ಸಡಿಲ.

ನನಗೆ ಬಹಳ ಹಿಡಿಸುವುದು ಇನ್ನೊಂದು ಸಂಗತಿ. ಹರಳಿನೊಳಗೆ ಪ್ರೋಟೀನಿನ ಪದರಗಳ ನಡುವೆ ಮಾತ್ರ ಡಿ.ಎನ್.ಎ. ಮಲಗಬಲ್ಲುದೆಂದು ಮೊದಲು ಭಾವಿಸಿದ್ದರು. ಬೆಂಗಳೂರಿನ ಒಂದು ಹರಳಿನಲ್ಲಿಯಾದರೋ ಅದಕ್ಕೆ ಎಡೆಗೊಡಬಲ್ಲ ಕಾಲುವೆಗಳು ಅಡ್ಡಡ್ಡಲಾಗಿ, ಉದ್ದುದ್ದವಾಗಿ ಹಾದುಹೋಗಿದ್ದವು.