ಮೇಷ್ಟರ ಸಿನಿಮಾ: ಬಿ.ವಿ. ಕಾರಂತ (1929–2002)

ಕಾರಂತರು ನಾಟಕದವರು, ಸಿನಿಮಾಕ್ಕೆ ಬಂದುಹೋದ ಅತಿಥಿ ಎನ್ನುವವರಿದ್ದಾರೆ. ಲೆಕ್ಕ ಹಾಕಿದರೆ ಹಾಗೇ ಕಾಣುತ್ತದೆ: ನಿರ್ದೇಶಿಸಿದ ಚಿತ್ರಗಳು ಬೆರಳೆಣಿಕೆಯಷ್ಟು, ‘ವಂಶವೃಕ್ಷ’ (1971) ಕೂಡ ಗಿರೀಶ ಕಾರ್ನಾಡರ ಜೊತೆಗೂಡಿ ಮಾಡಿದ್ದು. ಆದರೆ ‘ಚೋಮನ ದುಡಿ’ಯನ್ನು (1975) ಕಿವಿಗೊಟ್ಟು ನೋಡಬೇಕು. ಸಂಕಟ ಮೇರೆ ಮೀರಿದಾಗ ಚೋಮ ಮಾತಾಡುವುದಿಲ್ಲ, ದುಡಿ ಬಾರಿಸುತ್ತಾನೆ. ಕಥೆಯ ಭಾರವನ್ನು ಆ ಚರ್ಮವಾದ್ಯವೇ ಹೊರುತ್ತದೆ. ನಾದವೂ ಒಂದು ಪಾತ್ರವೆಂಬ ಈ ತಿಳಿವಳಿಕೆ ಕ್ಯಾಮೆರಾದಿಂದ ಬಂದದ್ದಲ್ಲ. ಬಂಟ್ವಾಳದ ಮಂಚಿಯ ಹುಡುಗ ಮನೆಬಿಟ್ಟು ಸೇರಿದ ಗುಬ್ಬಿ ನಾಟಕ ಕಂಪನಿಯಲ್ಲಿ ಅದು ಮೊಳೆಯಿತು. ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವಾಗ ಪಳಗಿತು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ.

ಪಾಠಕ್ಕೆ ಕೊಟ್ಟ ಹೊತ್ತು ಸಿನಿಮಾಕ್ಕೆ ನಷ್ಟವಲ್ಲವೇ? ಒಂದರ್ಥದಲ್ಲಿ ಹೌದು. 1977ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮುಂದೆ ಭೋಪಾಲ್‌ನಲ್ಲಿ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ; ಸ್ವಂತ ಚಿತ್ರಗಳು ವಿರಳವಾದವು. ಆದರೆ ಮೇಷ್ಟರ ಕೆಲಸವನ್ನು ಅವರದೇ ಪಟ್ಟಿಯಲ್ಲಿ ಮಾತ್ರ ಹುಡುಕುವುದು ಸರಿಯಲ್ಲ. ಬೇರೆಯವರ ಚಿತ್ರಗಳಲ್ಲೂ ಅದು ಸಿಗುತ್ತದೆ: ‘ಋಷ್ಯಶೃಂಗ’ ಚಿತ್ರದ ಬೆನ್ನಿಗೇ ಅವರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದ ‘ಘಟಶ್ರಾದ್ಧ’ (1977), ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ.